ಮೊದಲು ಸಾಮಾನು, ಆಮೇಲೆ ಮನುಷ್ಯ

ಸತ್ತವರು ಎದ್ದು ಓಡಾಡತೊಡಗಿದ ಮೇಲೂ ಆ ಮನೆಯಲ್ಲಿ ಭಾವ ಮೈದುನರ ಜಗಳ ನಿಂತಿರಲಿಲ್ಲ. ಊರಿಗೆ ಊರೇ ಹಾಳು ಬಿದ್ದಿತ್ತು. ಬೀದಿಯಲ್ಲಿ ‘ಎದ್ದವರು’ ಕಾಲೆಳೆದುಕೊಂಡು ತಿರುಗುತ್ತಿದ್ದರು. ಜನ ಅವರನ್ನು ಹಾಗೇ ಕರೆಯುತ್ತಿದ್ದರು. ದೆವ್ವ ಎನ್ನೋಣವೆಂದರೆ ಮೈಯಿತ್ತು, ಮನುಷ್ಯರೆನ್ನೋಣವೆಂದರೆ ಕಂಡವರನ್ನು ಕಚ್ಚುತ್ತಿದ್ದರು. ಇತ್ತ ಎರಡನೇ ಮಹಡಿಯ ಮನೆಯಲ್ಲಿ, ನೀರಿನ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದವರು ಯಾರು ಎಂಬುದಕ್ಕೆ ಇಬ್ಬರೂ ಮೂತಿ ತಿರುಗಿಸಿಕೊಂಡು ಕೂರುತ್ತಿದ್ದರು. ಪ್ರಳಯ ಬಂದರೆ ಮನುಷ್ಯ ದೊಡ್ಡವನಾಗುತ್ತಾನೆ ಎಂದು ಯಾರಾದರೂ ಹೇಳಿದ್ದರೆ ಅವರು ಪ್ರಳಯವನ್ನೂ ನೋಡಿಲ್ಲ, ಸ್ವಂತ ಭಾವನನ್ನೂ ನೋಡಿಲ್ಲ.

ಮೈದುನನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಆಳು ಉದ್ದ, ಮಾಡುತ್ತಿದ್ದದ್ದು ಲಿಫ್ಟ್ ರಿಪೇರಿ ಕೆಲಸ. ಅವನು ನೋಡಿಕೊಳ್ಳುವ ಲಿಫ್ಟ್ ಕೆಟ್ಟು ನಿಂತಿತು ಎಂಬ ಮಾತು ಆ ಭಾಗದಲ್ಲಿ ಯಾರೂ ಕೇಳಿರಲಿಲ್ಲ, ಆ ಜಂಬ ಅವನಿಗೆ ತುಸು ಜಾಸ್ತಿಯೇ ಇತ್ತು. ಭಾವ ಮನೆ ಬ್ರೋಕರ್. ಯಾವ ಕಟ್ಟಡದ ಯಾವ ಮನೆಯಲ್ಲಿ ಯಾವ ನಲ್ಲಿ ಸೋರುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ, ಬಾಡಿಗೆಗೆ ಬಂದವರಿಗೆ ಮಾತ್ರ ಹೇಳುತ್ತಿರಲಿಲ್ಲ. ಊರು ಸತ್ತ ಮೇಲೂ ಅವನ ಸೊಂಟದಲ್ಲಿ ಬೀಗದ ಕೈ ಗೊಂಚಲು ಝಣಗುಟ್ಟುತ್ತಲೇ ಇತ್ತು.

ಇವರಿಬ್ಬರ ನಡುವೆ ಅಕ್ಕ. ತಾಯಿ ತೀರಿದ ಮೇಲೆ ಏಣಿಯನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು, ಅದನ್ನಿಡುವ ಸಣ್ಣ ಫ್ರಿಜ್ಜನ್ನು ಏಣಿ ಸೋಲಾರಿಗೆ ಹೊಂದಿಸಿದ್ದ. ಅದೇ ಕಾಯಿಲೆ ಕಣ್ಣನ್ನೂ ತಿಂದಿದ್ದರಿಂದ ಸಿರಿಂಜಿನ ಮೇಲಿನ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಭಾವನೇ ಸೂಜಿ ಹಾಕಬೇಕು. ಹಾಕುವ ಮುಂಚೆ ತೋಳನ್ನು ಹೆಬ್ಬೆರಳಿನಿಂದ ತಿಕ್ಕಿ, “ಗಾಳಿ ಬೆಳಕು ಚೆನ್ನಾಗಿರೋ ಜಾಗ, ಇಲ್ಲೇ ಹಾಕ್ಲಾ?” ಅನ್ನುತ್ತಿದ್ದ. ಅಕ್ಕ ದಿನಾ ಅದೇ ಮಾತಿಗೆ ದಿನಾ ನಗುತ್ತಿದ್ದಳು. ಏಣಿಗೆ ಮೈ ಉರಿಯುತ್ತಿತ್ತು.

ಉರಿಯಲು ಕಾರಣವಿತ್ತು. ಎಲ್ಲ ಶುರುವಾದ ಹೊಸದರಲ್ಲಿ ಏಣಿ ಜ್ವರ ಬಂದು ಒಳಕೋಣೆಯಲ್ಲಿ ಬಿದ್ದುಕೊಂಡಿದ್ದ. ಅವನು ಮದುವೆಯಾಗಬೇಕಿದ್ದ ಹುಡುಗಿ, ಕೆಳಗಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು, ಮೆಟ್ಟಿಲು ಹತ್ತಿ ಓಡಿಬಂದು ಬಾಗಿಲು ಬಡಿದಳು. ಅವನ ಹೆಸರು ಹಿಡಿದು ಕೂಗಿದಳು. ಏಣಿ ಗೋಡೆ ಹಿಡಿದು ಹಿಡಿದು ಹೊರಗೆ ಬರುವಷ್ಟರಲ್ಲಿ ಆಚೆ ಕೂಗು ನಿಂತು ಬೇರೆ ಸದ್ದು ಶುರುವಾಗಿತ್ತು. ಚಿಲಕ ಹಾಕಿತ್ತು. ಭಾವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅಕ್ಕ ನೆಲದ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಿದ್ದಳು. “ಬೇಡ ಕಣೋ, ತಡ ಆಯ್ತು,” ಎಂದಷ್ಟೇ ಭಾವ ಹೇಳಿದ. ಆಮೇಲೆ ಏಣಿ ಎಷ್ಟು ಸಲ “ಕೊಲೆಗಡುಕ” ಎಂದು ಬೈದರೂ, ಊರಿಗೆಲ್ಲ ಬಾಯಿ ಮಾಡಿ ಬದುಕಿದ ಆ ಮನುಷ್ಯ ಇದೊಂದಕ್ಕೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ. ತಪ್ಪು ಮಾಡಿದವನ ಬಾಯಿಗೆ ಬೀಗ ಬಿದ್ದಿದೆ ಎಂದುಕೊಂಡಿದ್ದ ಏಣಿ.

ಇನ್ಸುಲಿನ್ ತಳ ಕಂಡಿತು. ಸೂಜಿಗಳು ಯಾವಾಗಲೋ ಮುಗಿದು, ಇದ್ದೊಂದನ್ನೇ ಕುದಿಸಿ ಕುದಿಸಿ ಹಾಕುತ್ತಿದ್ದರು. ಆಗ ಭಾವ ಗೊಂಚಲಿನಿಂದ ಒಂದು ಹಿತ್ತಾಳೆ ಕೀ ಬಿಡಿಸಿ ಮೇಜಿನ ಮೇಲಿಟ್ಟ.

“ಮೂಲೆ ಬಿಲ್ಡಿಂಗಿನ ಮೂರನೇ ಮಹಡೀಲಿ ಒಬ್ಬ ಡಾಕ್ಟರಿಗೆ ಕ್ಲಿನಿಕ್ಕಿಗೆ ಜಾಗ ಕೊಡಿಸಿದ್ನಲ್ಲ, ಸಕ್ಕರೆ ಕಾಯಿಲೆ ಡಾಕ್ಟರು. ಒಂದು ಕೀ ನನ್ನ ಹತ್ರಾನೇ ಉಳಿದಿತ್ತು.”

“ಕೊಡ್ಲಿಲ್ವಾ ಅವರಿಗೆ?”

“ಕೇಳ್ಲಿಲ್ಲ, ಕೊಡ್ಲಿಲ್ಲ. ಅಲ್ಲಿ ಫ್ರಿಜ್ ತುಂಬಾ ಇನ್ಸುಲಿನ್ ಇರುತ್ತೆ.”

ಆ ಕಟ್ಟಡದ ಲಿಫ್ಟ್ ಏಣಿಯ ಕೈಯಲ್ಲೇ ಇತ್ತು. ತಾರಸಿಯ ಸೋಲಾರ್ ಬ್ಯಾಟರಿಯಿಂದ ಫ್ರಿಜ್ಜೂ ಲಿಫ್ಟೂ ಎರಡೂ ನಡೆಯುತ್ತವೆ, ಬಿಸಿಲಿದ್ದರೆ ಇನ್ನೂ ನಡೆಯುತ್ತಿರಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಕೆಳಗಿನ ಹಜಾರದಲ್ಲೂ ಮೆಟ್ಟಿಲ ಮೇಲೂ ಎದ್ದವರು ಕಿಕ್ಕಿರಿದಿದ್ದರು. ಮೂರನೇ ಮಹಡಿಯ ಪಡಸಾಲೆಗೆ ಮಾತ್ರ ಮೆಟ್ಟಿಲ ಕಡೆಯಿಂದ ಡಾಕ್ಟರು ಕಬ್ಬಿಣದ ಬಾಗಿಲು ಹಾಕಿಸಿದ್ದರು, ಎದ್ದವರು ಅಲ್ಲಿಗೆ ನುಗ್ಗಿರಲಾರರು. ಒಳಗೆ ಹೋಗಲು ಉಳಿದದ್ದು ಲಿಫ್ಟೊಂದೇ. ಹೀಗೆ, ಒಬ್ಬರ ಮುಖ ಒಬ್ಬರಿಗಾಗದ ಇಬ್ಬರು ಸೇರಿ ಕಳ್ಳತನಕ್ಕೆ ಹೊರಟರು. ಅಕ್ಕ ಬಾಲ್ಕನಿಯ ತನಕ ಬಂದು, “ಇಬ್ರೂ ಕಿತ್ತಾಡ್ಬೇಡಿ. ಒಟ್ಟಿಗೆ ವಾಪಸ್ ಬನ್ನಿ,” ಎಂದಳು.

ಹಿಂದಿನ ಬಾಲ್ಕನಿಯಿಂದ ತಾರಸಿಗೆ, ತಾರಸಿಯಿಂದ ತಾರಸಿಗೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕಿಕೊಂಡು ದಾಟಿದರು. “ಏಣಿ ಮೇಲೆ ಏಣಿ,” ಎಂದು ಭಾವ ಕಿಸಕ್ಕನೆ ನಕ್ಕ. ಏಣಿ ನಗಲಿಲ್ಲ. ಮೂಲೆ ಕಟ್ಟಡದ ತಾರಸಿ ಬಿಸಿಲಿಗೆ ಕಾದು ಹಂಚಿನಂತಾಗಿತ್ತು. ಮೋಟಾರ್ ಕೋಣೆಯ ಬಾಗಿಲು ತೆಗೆದಾಗ ಗ್ರೀಸಿನ ವಾಸನೆ ಬಂತು. ಆ ವಾಸನೆಗೆ ಏಣಿಯ ಕಣ್ಣು ತುಂಬಿತು, ಭಾವನಿಗೆ ಕಾಣದ ಹಾಗೆ ತೋಳಿನಿಂದ ಒರೆಸಿಕೊಂಡ.

ಪ್ಯಾನೆಲ್ಲಿನಲ್ಲಿ ದೀಪ ಹತ್ತಿತು. ಏಣಿ ಸ್ವಿಚ್ಚನ್ನು ‘ರಿಪೇರಿ’ಗೆ ತಿರುಗಿಸಿದ. ಆಗ ಲಿಫ್ಟಿನ ಡಬ್ಬಿ ಯಾರು ಎಲ್ಲಿ ಬಟನ್ ಒತ್ತಿದರೂ ಜಗ್ಗುವುದಿಲ್ಲ, ಪ್ಯಾನೆಲ್ ಮುಂದೆ ನಿಂತವನು ಹೇಳಿದ ಹಾಗೆ ಮಾತ್ರ ಚಲಿಸುತ್ತದೆ. ಡಬ್ಬಿ ಮೇಲಿನ ಮಹಡಿಯಲ್ಲೇ ನಿಂತಿತ್ತು. ನೆಲದ ಕಿಂಡಿಯಿಂದ ಭಾವ ಅದರ ನೆತ್ತಿಯ ಮೇಲೆ ಇಳಿದು, ಮುಚ್ಚಳ ತೆಗೆದು, ಒಳಗೆ ಹೋಗಬೇಕು. ಏಣಿ ಮೇಲಿನಿಂದ ಡಬ್ಬಿಯನ್ನು ಇಳಿಸುತ್ತಾನೆ. ಡಬ್ಬಿ ಜಾರುವ ಕಂಬಿಗೆ ಒಂದು ಬಡಿತ ಎಂದರೆ ನಿಲ್ಲಿಸು, ಎರಡು ಎಂದರೆ ಮೇಲೆತ್ತು.

“ಚೀಲ ತುಂಬಿದ ಮೇಲೆ ನೀವು ಹೊತ್ಕೊಂಡು ಹತ್ಬೇಡಿ,” ಎಂದ ಏಣಿ, ಕಿಂಡಿಯೊಳಗೆ ಹಗ್ಗ ಬಿಡುತ್ತ. “ಇದಕ್ಕೆ ಕಟ್ಟಿ, ಎಳ್ಕೋತೀನಿ. ನಮ್ಮ ಕೆಲಸದಲ್ಲಿ ಯಾವಾಗ್ಲೂ ಹಂಗೇ. ಮೊದಲು ಸಾಮಾನು, ಆಮೇಲೆ ಮನುಷ್ಯ.”

“ಒಳ್ಳೆ ಕೆಲಸ ಕಣಪ್ಪಾ ನಿಮ್ದು,” ಎಂದು ಭಾವ ಕಿಂಡಿಯೊಳಗೆ ಕಾಲಿಟ್ಟ. ಕಾಲು ನಡುಗುತ್ತಿತ್ತು. ಏಣಿ ಅದನ್ನು ನೋಡಿದ, ನೋಡಿ ಒಳಗೊಳಗೇ ಖುಷಿಪಟ್ಟ.

ಎಲ್ಲ ಸಲೀಸಾಗಿ ನಡೆಯಿತು. ಡಬ್ಬಿ ಇಳಿಯಿತು, ಕಂಬಿಗೆ ಒಂದು ಬಡಿತ ಬಿತ್ತು, ಬಾಗಿಲು ಸರಿದ ಸದ್ದು, ಆಮೇಲೆ ಬೀಗದ ಕೈ ಸದ್ದು. ಏಣಿ ಹಗ್ಗ ಹಿಡಿದು ಕೂತ. ತುಸು ಹೊತ್ತಿಗೆ ಹಗ್ಗ ಅಲುಗಿತು. ಎಳೆದ. ಚೀಲ ಮೇಲೆ ಬಂತು, ಕೈ ಹಾಕಿದರೆ ಒಳಗೆ ತಣ್ಣಗಿತ್ತು. ಸಣ್ಣ ಸಣ್ಣ ಸೀಸೆಗಳು, ಅಕ್ಕನಿಗೆ ವರ್ಷಗಟ್ಟಲೆ ಸಾಕಾಗುವಷ್ಟು.

ಕೆಳಗಿನಿಂದ ಭಾವನ ದನಿ ಬಂತು. “ಏಣೀ, ಸೂಜಿ ಮರ್ತೆ ಕಣೋ! ಹೊಸಾ ಸೂಜಿ ಡಬ್ಬಗಟ್ಲೆ ಇದೆ. ಒಂದ್ನಿಮಿಷ, ತಂದ್ಬಿಡ್ತೀನಿ.”

“ಹೂಂ,” ಎಂದ ಏಣಿ.

ಹೂಂ ಎಂದದ್ದು ಬಾಯಿ. ಕೈಗೆ ಕಿವಿ ಇಲ್ಲ. ಇಷ್ಟು ವರ್ಷ ಆ ಕೈ ಕಲಿತದ್ದು ಒಂದೇ ಪಾಠ: ಸಾಮಾನು ಮೇಲೆ ಬಂತು ಎಂದರೆ ಕೆಲಸ ಮುಗಿಯಿತು, ಕೆಲಸ ಮುಗಿದರೆ ಸ್ವಿಚ್ಚನ್ನು ‘ನಾರ್ಮಲ್’ಗೆ ತಿರುಗಿಸಬೇಕು. ಕೆಳಗೆ ಕಾಯುವ ಜನರಿಗೆ ಲಿಫ್ಟ್ ಒಂದು ಗಳಿಗೆ ಕೂಡ ತಪ್ಪಬಾರದು. ಒಂದು ಕೈ ಚೀಲದ ಗಂಟು ಬಿಚ್ಚುತ್ತಿರುವಾಗಲೇ ಇನ್ನೊಂದು ಕೈ ಹೋಗಿ ಟಕ್ ಎಂದು ಸ್ವಿಚ್ ತಿರುಗಿಸಿ ಬಂತು. ಏಣಿಗೆ ಅದರ ಪರಿವೆಯೇ ಇರಲಿಲ್ಲ. ಅವನು ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

ಕರೆಯುವವರು ಯಾರೂ ಇಲ್ಲದಾಗ ಲಿಫ್ಟ್ ತಾನಾಗಿಯೇ ನೆಲಮಹಡಿಗೆ ಹೋಗಿ ಬಾಗಿಲು ತೆರೆದು ನಿಲ್ಲುವಂತೆ ಮಾಡಿಟ್ಟಿದ್ದವನೂ ಅವನೇ. ಹಾಗೇ ಹೋಯಿತು, ಕಿವಿಗೆ ರೂಢಿಯಾದ ಮೋಟಾರ್ ಸದ್ದನ್ನು ಏಣಿ ಗಮನಿಸಲೇ ಇಲ್ಲ. ಹಾಗೇ ನಿಂತಿತು. ಕೆಳಗೆ ಟಿಂಗ್ ಎಂದಾಗ ಏಣಿ ತಲೆಯೆತ್ತಿದ. ಕತ್ತಲು ತುಂಬಿದ ಹಜಾರದಲ್ಲಿ ದೀಪ ಉರಿಯುವ ಡಬ್ಬಿ, ತೆರೆದ ಬಾಗಿಲು. ಬೆಳಕು ಕಂಡಲ್ಲಿ ನುಗ್ಗುವುದು ಎದ್ದವರ ಚಾಳಿ. ಕಾಲೆಳೆಯುವ ಸದ್ದು ಬಾವಿಯಂಥ ಆ ಕತ್ತಲಿನಿಂದ ಮೇಲೆ ಬಂತು. ಹೆಚ್ಚು ಜನ ಹತ್ತಿದ್ದರೆ ಭಾರ ತಾಳದೆ ಗಂಟೆ ಹೊಡೆದು ಲಿಫ್ಟ್ ಅಲ್ಲೇ ನಿಂತುಬಿಡುತ್ತಿತ್ತು. ಬದುಕಿದ್ದಾಗ ಒಬ್ಬರ ಮೇಲೊಬ್ಬರು ಬಿದ್ದು ಗಂಟೆ ಹೊಡೆಸುತ್ತಿದ್ದ ಅದೇ ಜನ ಇವತ್ತು ಲೆಕ್ಕ ತಪ್ಪದೆ ಹತ್ತಿದ್ದರು.

ಅಷ್ಟರಲ್ಲಿ ಮೂರನೇ ಮಹಡಿಯಿಂದ ಭಾವನ ಖುಷಿಯ ದನಿ. “ಸೂಜಿ ಸಿಕ್ತು ಕಣೋ! ಎಲ್ಲೋ ಲಿಫ್ಟು? ಕೆಳಗೆ ಕಳಿಸ್ಬಿಟ್ಯಾ?” ಮುಚ್ಚಿದ ಬಾಗಿಲ ಮುಂದೆ ನಿಂತ ಯಾರಾದರೂ ಮಾಡುವುದನ್ನೇ ಅವನೂ ಮಾಡಿದ. ಬಟನ್ ಒತ್ತಿದ.

ಮೋಟಾರ್ ತಿರುಗಿತು. ಡಬ್ಬಿ ಎಳೆಯುವ ಉಕ್ಕಿನ ಹಗ್ಗದ ಸದ್ದು ಕೇಳಿಯೇ ಡಬ್ಬಿಯಲ್ಲಿ ಎಷ್ಟು ಭಾರವಿದೆ ಎಂದು ಏಣಿ ಹೇಳಬಲ್ಲ. ಇದು ತುಂಬಿದ ಲಿಫ್ಟ್. ಅವನ ಅಂಗೈಯ ಹತ್ತಿರವೇ ಕೆಂಪು ಸ್ವಿಚ್ ಇತ್ತು. ಒತ್ತಿದರೆ ಮುಗಿಯಿತು, ಡಬ್ಬಿ ನಡುವೆ ನಿಲ್ಲುತ್ತದೆ. ಬಾಗಿಲು ಮೀಟಿ ತೆಗೆಯಲು ಹೇಳಿ, ಹಗ್ಗ ಬಿಟ್ಟು, ಭಾವನನ್ನು ಚೀಲದ ಹಾಗೆಯೇ ಎಳೆದುಕೊಳ್ಳಬಹುದು. ಇಷ್ಟೆಲ್ಲ ಅವನಿಗೆ ಸ್ಪಷ್ಟವಾಗಿ ಹೊಳೆಯಿತು. ಕೈ ಸ್ವಿಚ್ಚಿನ ಮೇಲೆ ಹೋಯಿತು.

ಹೋಗಿ ಅಲ್ಲೇ ನಿಂತಿತು. ಬಾಗಿಲ ಆಚೆಯಿಂದ ತನ್ನ ಹೆಸರು ಹಿಡಿದು ಕೂಗಿದ ದನಿ ಕಿವಿಯಲ್ಲಿ ತುಂಬಿಕೊಂಡಿತು. ಜ್ವರದ ಕಾಲುಗಳು, ಚಿಲಕ, ಬಾಗಿಲಿಗೆ ಒರಗಿದ ಆ ಬೆನ್ನು. ದ್ವೇಷ ಎಂದರೆ ಏನೆಂದು ಅವತ್ತಿನ ತನಕ ಏಣಿಗೆ ಗೊತ್ತಿರಲಿಲ್ಲ. ತಾನು ಬರೀ ಸಿಟ್ಟಿನ ಮನುಷ್ಯ ಅಂದುಕೊಂಡಿದ್ದ. ಸ್ವಿಚ್ ತಿರುಗಿಸಿದ್ದು ಅಭ್ಯಾಸ. ಈಗ ಒತ್ತದೆ ಹಿಡಿದದ್ದು ಅವನೇ.

“ಬಂತು ಬಂತು,” ಎಂದ ಭಾವ ಕೆಳಗಿನಿಂದ.

ಟಿಂಗ್ ಎಂದಿತು. ಬಾಗಿಲು ತೆರೆದ ಮೇಲೆ ಏಣಿ ಕೆಂಪು ಸ್ವಿಚ್ಚನ್ನು ಒತ್ತಿದ. ಒತ್ತಿದವನು ಕೈ ತೆಗೆಯಲೇ ಇಲ್ಲ. ಕೆಳಗೆ ಬೀಗದ ಕೈ ಗೊಂಚಲು ಸ್ವಲ್ಪ ಹೊತ್ತು ಝಣಗುಟ್ಟಿತು, ಆಮೇಲೆ ಅದೂ ನಿಂತಿತು.

ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಅಕ್ಕ ಬಾಲ್ಕನಿಯಲ್ಲೇ ಕಾಯುತ್ತಿದ್ದಳು. ಒಂದೇ ಜೊತೆ ಹೆಜ್ಜೆಯ ಸದ್ದು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

“ಅವರೆಲ್ಲೋ?”

“ಅಕ್ಕಾ... ಲಿಫ್ಟ್ ಕೆಟ್ಟೋಯ್ತು. ನನ್ನ ಕೈಲಿ ಏನೂ ಮಾಡಕ್ಕಾಗ್ಲಿಲ್ಲ.”

ಅಕ್ಕ ಚೀಲವನ್ನು ಇಸಿದುಕೊಂಡು ತಡವಿ ನೋಡಿದಳು. ಅಳಲಿಲ್ಲ. ಕಾಣದ ಕಣ್ಣನ್ನು ಅವನ ಕಡೆಗೆ ತಿರುಗಿಸಿದಳು.

“ನೀನು ನೋಡ್ಕೊಂಡ ಲಿಫ್ಟು ಯಾವತ್ತೋ ಕೆಟ್ಟಿತ್ತು?” ಎಂದಳು.

ಏಣಿ ಕೈಗಂಟಿದ ಗ್ರೀಸನ್ನು ಪ್ಯಾಂಟಿಗೆ ಒರೆಸತೊಡಗಿದ.

“ಆ ಹುಡುಗಿ ಸತ್ತ ಸಿಟ್ಟು ತೀರಿಸ್ಕೊಂಡ್ಯಲ್ವಾ,” ಎಂದಳು ಅಕ್ಕ. ದನಿ ಏರಿರಲಿಲ್ಲ. “ಅವತ್ತು ಚಿಲಕ ಹಾಕಿದ್ದು ನಾನು ಕಣೋ. ಮೆಟ್ಟಿಲ ತುಂಬಾ ಅವುಗಳ ಸದ್ದು ಕೇಳ್ತಿತ್ತು. ನೀನು ಜ್ವರದಲ್ಲಿ ಒಳಗೆ ಮಲಗಿದ್ದೆ. ಅವರು ತೆಗಿತೀನಿ ಅಂತ ಹೋದ್ರು, ನಾನು ಕಾಲು ಹಿಡ್ಕೊಂಡು ಬಿಡ್ಲಿಲ್ಲ. ಆಮೇಲೆ ನಿಂಗೆ ಹೇಳ್ಬಿಡ್ತೀನಿ ಅಂದ್ರೆ ಬೇಡ ಅಂದ್ರು. ‘ಅವನಿಗೆ ಇರೋದು ನೀನೊಬ್ಳೇ, ನನ್ನನ್ನ ಬೈಕೊಂಡೇ ಇರ್ಲಿ ಬಿಡು’ ಅಂದ್ರು.”

ಅಕ್ಕ ಎದ್ದು, ತಡವರಿಸುತ್ತ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ಮಾರನೇ ಬೆಳಿಗ್ಗೆ ಅವಳೇ ಬಂದು ಅವನ ಮುಂದೆ ಕೂತು ತೋಳು ಚಾಚಿದಳು, ಮುಖ ಗೋಡೆಗೆ ತಿರುಗಿಸಿದಳು. ಏಣಿ ಹಳೇ ಸೂಜಿಯನ್ನು ಕುದಿಸಿ ತಂದ. ಹೊಸ ಸೂಜಿಗಳೆಲ್ಲ ಮೂರನೇ ಮಹಡಿಯಲ್ಲಿ ಉಳಿದಿದ್ದವು. ಮೊಂಡಾಗಿದ್ದ ತುದಿ ಚರ್ಮಕ್ಕೆ ಹೋಗಲೊಲ್ಲದು, ಒತ್ತಿ ಚುಚ್ಚಬೇಕಾಯಿತು. ರಕ್ತ ಬಂತು. “ನೋವಾಯ್ತಾ ಅಕ್ಕ?” ಎಂದ.

ಅಕ್ಕ ರಕ್ತ ಒರೆಸಿಕೊಂಡು ಎದ್ದು ಹೋದಳು. ಸೀಸೆಗಳು ವರ್ಷಗಟ್ಟಲೆ ಸಾಕಾಗುವಷ್ಟಿವೆ. ಅವಳು ದಿನಾ ಬೆಳಿಗ್ಗೆ ಬಂದು ತೋಳು ಚಾಚುತ್ತಾಳೆ, ಅವನು ದಿನಾ ಅದೇ ಸೂಜಿ ಚುಚ್ಚುತ್ತಾನೆ. ಆ ಮನೆಯಲ್ಲಿ ಈಗ ಜಗಳವಿಲ್ಲ.