ಪೆದ್ದಣ್ಣನಿಗಿಲ್ಲದ ಎಡೆ

ಸಿದ್ದಾಪುರದಲ್ಲಿ ಪಾಲಾಕ್ಷನ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾರು, ಓಡಿಹೋದ ಮಿಲಿಟ್ರಿಯೋನ ಮನೇನಾ?" ಎಂದು ತಿರುಗಿ ಕೇಳಿಯೇ ಕೈ ತೋರಿಸುತ್ತಾರೆ. ಓಡಿಹೋದವನು ಪಾಲಾಕ್ಷನಲ್ಲ, ಅವನಪ್ಪನೂ ಅಲ್ಲ. ಅವನ ಅಜ್ಜಿ ದುರುಗಕ್ಕನ ಅಪ್ಪ ಪೆದ್ದಣ್ಣ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರ ಸೈನ್ಯ ಸೇರಿ ಬರ್ಮಾ ಕಡೆ ಹೋದವನು. ದುರುಗಕ್ಕ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಈಗ ಅವಳಿಗೇ ಎಂಬತ್ತು ದಾಟಿದೆ, ಊರಿನ ಬಾಯಿಗೆ ಮಾತ್ರ ಇನ್ನೂ ದಣಿವಾಗಿಲ್ಲ. ಎಂಥ ಜನವಪ್ಪಾ ಇದು!

ಹೋಗಲಿ, ಊರನ್ನೇ ಬೈದು ಏನು ಮಾಡುವುದು? ಆ ಸುದ್ದಿಯನ್ನು ಊರಿಗೆ ತಂದವಳು ಪೆದ್ದಣ್ಣನ ಹೆಂಡತಿ ಬೋರಮ್ಮನೇ. ಮೊಳಕಾಲ್ಮುರಿನ ತಾಲ್ಲೂಕು ಕಚೇರಿಯವರು ಕರೆಸಿದರೆಂದು ಒಬ್ಬಳೇ ಹೋಗಿದ್ದಳಂತೆ. ಸಂಜೆ ಹಿಂದಿರುಗಿ ಬಂದು, "ಮಿಲಿಟ್ರಿ ಬಿಟ್ಟು ಓಡಿಹೋದ್ನಂತೆ. ಅಲ್ಲೇ ಯಾವಳನ್ನೋ ಕಟ್ಕೊಂಡವ್ನಂತೆ, ಇನ್ನು ಬರಾಕಿಲ್ಲ" ಎಂದು ಅತ್ತೆ ಮಾವನ ಮುಂದೆ ಹೇಳಿ ದನದ ಕೊಟ್ಟಿಗೆಗೆ ಹೋದಳಂತೆ. ಗಂಡ ಎಲ್ಲೋ ಇದ್ದಾನಲ್ಲ, ಕುಂಕುಮ ಇತ್ತು, ಬಳೆ ಇತ್ತು. ಮುದುಕಿಯಾದ ಮೇಲೆ ಕುಲದ ಮದುವೆಗಳಲ್ಲೆಲ್ಲ ಮದುಮಗಳಿಗೆ ಮೊದಲ ಬಳೆ ತೊಡಿಸುವ ಕೈ ಅವಳದೇ ಆಯಿತು. ಸತ್ತಾಗಲೂ ಮುತ್ತೈದೆಯಾಗಿಯೇ ಹೋದಳು. ಹೆಂಗಸರು ನಾಮುಂದು ತಾಮುಂದು ಎಂದು ಅವಳ ಹಣೆಯ ಕುಂಕುಮ ತೆಗೆದು ತಮ್ಮ ತಾಳಿಗೆ ಹಚ್ಚಿಕೊಂಡರು.

ಮಹಾಲಯ ಅಮಾವಾಸ್ಯೆಗೆ ಈ ಕಡೆ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಎಲೆಯ ಮೇಲೆ ಅವರಿಗೆ ಪ್ರೀತಿಯಾದ ಅಡುಗೆ, ಪಕ್ಕದಲ್ಲಿ ಹೊಸ ಬಟ್ಟೆ. ಬೋರಮ್ಮನ ಎಡೆಗೆ ಹಸಿರು ಸೀರೆ, ಅರಿಶಿನ ಕುಂಕುಮ, ಗಾಜಿನ ಬಳೆ. ಆ ಬಳೆಗಳನ್ನು ಆ ವರ್ಷ ಕುಲಕ್ಕೆ ಬಂದ ಸೊಸೆಯರು ತೊಡಬೇಕು, ತಾಳಿ ಗಟ್ಟಿಯಾಗಿರುತ್ತದೆ ಎಂಬ ನಂಬಿಕೆ. ಪೆದ್ದಣ್ಣನಿಗೆ ಎಡೆಯೇ ಇಲ್ಲ. "ಇಷ್ಟೊತ್ತಿಗೆ ಸತ್ತೇ ಇರ್ತಾನೆ, ಇಲ್ಲ ಅನ್ನಲ್ಲ" ಎನ್ನುತ್ತಾನೆ ಕುಲದ ಹಿರಿಯ ಕ್ಯಾತಣ್ಣ, ಪೆದ್ದಣ್ಣನ ತಮ್ಮನ ಮಗ. "ಯಾವ ಸೀಮೇಲಿ, ಯಾವಳ ಮನೇಲಿ ಸತ್ನೋ! ಕುಲ ಬಿಟ್ಟು ಓಡಿದೋನಿಗೆ ಕುಲದ ಎಡೆ ಯಾಕೆ?"

ಮನೆಅಳಿಯನಾಗಿ ಬಂದ ಗಂಡನ ಜೊತೆ ಹುಟ್ಟಿದ ಮನೆಯಲ್ಲೇ ಇರುವ ದುರುಗಕ್ಕನೂ ಯಾವತ್ತೂ ಅಪ್ಪನ ಪರ ವಹಿಸಿದವಳಲ್ಲ. ಹೆಸರೆತ್ತಿದರೆ ಸಾಕು, ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಹೊಟ್ಟೆಯಲ್ಲಿದ್ದ ಮಗುವಿನ ಮುಖ ನೋಡಲಿಕ್ಕೂ ಬರದವನನ್ನು ಇನ್ನೇನು ಪೂಜೆ ಮಾಡುತ್ತಾರೆಯೇ?

ಪಾಲಾಕ್ಷನಿಗೆ ಮಾತ್ರ ಇದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವನು ಚಳ್ಳಕೆರೆಯಿಂದ ಕುದಾಪುರದ ಕಡೆಯ ಒಂದು ಸಂಶೋಧನಾ ಕೇಂದ್ರಕ್ಕೆ ಸ್ಟಾಫ್ ಬಸ್ ಓಡಿಸುತ್ತಾನೆ. ಶನಿವಾರ ಊರಿಗೆ ಬರುತ್ತಾನೆ. ಅಲ್ಲಿನ ಗೇಟಿನಲ್ಲಿ ಕಾವಲಿಗಿರುವ ಹನುಮಂತರಾಜು ನಿವೃತ್ತ ಹವಾಲ್ದಾರ. ಒಂದು ದಿನ ಚಹಾ ಕುಡಿಯುತ್ತ ಪಾಲಾಕ್ಷ ಅವನೆದುರು ಮನಸ್ಸಿನದನ್ನೆಲ್ಲ ಕಕ್ಕಿದ.

"ಓಡಿಹೋದೋರ ಹೆಸರನ್ನೂ ಮಿಲಿಟ್ರಿಯೋರು ಬರೆದಿಟ್ಟಿರ್ತಾರೆ ಕಣಪ್ಪ" ಎಂದ ಹನುಮಂತರಾಜು. "ಆದ್ರೆ ಮೊದಲು ಸತ್ತೋರ ಪಟ್ಟಿ ನೋಡು."

"ಸತ್ತೋರದ್ಯಾಕ್ರಿ? ಓಡಿಹೋದ ಅಂತ ಊರಿಗೇ ಗೊತ್ತೈತಲ್ಲ."

"ಊರಿಗೆ ಗೊತ್ತಿರೋದನ್ನ ಊರಲ್ಲೇ ಬಿಡು. ನಾನು ಹೇಳ್ದಂಗೆ ಮಾಡು."

ಆ ಯುದ್ಧದಲ್ಲಿ ಸತ್ತವರ ಹೆಸರುಗಳನ್ನೆಲ್ಲ ಈಗ ಮೊಬೈಲಿನಲ್ಲೇ ನೋಡಬಹುದು. ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂತು ಹುಡುಕಿದರು. ಪೆದ್ದಣ್ಣ ಎಂಬ ಹೆಸರಿನವರು ಒಬ್ಬಿಬ್ಬರಲ್ಲ. ಕೊನೆಗೆ ಒಂದು ಕಡೆ ಸಿದ್ದಾಪುರ, ಚಿತ್ರದುರ್ಗ ಜಿಲ್ಲೆ, ಬೋರಮ್ಮನ ಗಂಡ ಎಂದಿತ್ತು. ಅಲ್ಲಿ ಸಿಕ್ಕ ಸಿಪಾಯಿ ನಂಬರ್ ಹಾಕಿ ಹನುಮಂತರಾಜು ಸೈನ್ಯದ ದಾಖಲೆ ಕಚೇರಿಗೆ ಬರೆಸಿದ. ಹೆಸರು ಅವನದೇ ಎಂದು ಖಾತ್ರಿಯಾಗುವವರೆಗೆ ಅಜ್ಜಿಯ ಮುಂದೂ ಪಾಲಾಕ್ಷ ಬಾಯಿ ಬಿಡಲಿಲ್ಲ. ಆಮೇಲೆ ಕಾದದ್ದೇ ಕಾದದ್ದು. ಬೇಸಿಗೆ ಮುಗಿದು ಶೇಂಗಾ ಬಿತ್ತನೆಯೂ ಆಗಿ, ಇನ್ನೇನು ಬರುವುದಿಲ್ಲ ಎಂದುಕೊಂಡಾಗ ಲಕೋಟೆ ಬಂತು. ಅಮಾವಾಸ್ಯೆಗೆ ಒಂದೇ ದಿನ ಬಾಕಿ.

ಮೊದಲ ಹಾಳೆ ಓದಿದವನೇ ಪಾಲಾಕ್ಷ ರಜೆ ಹೇಳಿ ಊರ ಬಸ್ಸು ಹತ್ತಿದ. ನಾಳೆ ಕ್ಯಾತಣ್ಣನ ಅಂಗಳದಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ ಓದಬೇಕು. ಮುತ್ತಜ್ಜನಿಗೆ ಎಡೆ ಇಡಿಸಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ದುರುಗಕ್ಕ ಜಗಲಿಯ ಮೇಲೆ ನವಣೆ ಕೇರುತ್ತಿದ್ದಳು.

"ಅಜ್ಜೀ, ನಿಮ್ಮಪ್ಪ ಓಡಿಹೋಗಿಲ್ಲ!"

ಮೊರ ಹಾಗೇ ನಿಂತಿತು. ಪಾಲಾಕ್ಷ ಅವಳ ಪಕ್ಕ ಕೂತು ಓದಿ ಹೇಳಿದ. ಪೆದ್ದಣ್ಣ ಬಂದೂಕು ಹಿಡಿದವನಲ್ಲ, ಸೈನ್ಯಕ್ಕೆ ರಸ್ತೆ ಮಾಡುವ ದಳದಲ್ಲಿದ್ದವನು. ಮಣಿಪುರದ ಕಾಡಿನಲ್ಲಿ ಕಲ್ಲು ಒಡೆದು ಮಣ್ಣು ಹೊತ್ತ. ಸಾವಿರದ ಒಂಬೈನೂರ ನಲವತ್ನಾಲ್ಕರ ಮಳೆಗಾಲದಲ್ಲಿ ರಕ್ತಭೇದಿ ಹತ್ತಿ, ಡೇರೆ ಆಸ್ಪತ್ರೆಯಲ್ಲಿ ಸತ್ತ. ನಡತೆ: ಒಳ್ಳೆಯದು.

"ನನ್ನ ನಾಲಿಗೆಗೆ ಹುಳ ಬೀಳ!" ದುರುಗಕ್ಕ ಬಾಯಿ ಬಾಯಿ ಬಡಿದುಕೊಂಡಳು. "ಎಷ್ಟು ಬೈದ್ನಲ್ಲೋ ಅವನ್ನ! ಬೇದಿ ಹತ್ತಿ ಸತ್ತೋನಿಗೆ ಮಣ್ಣು ತೂರಿದ್ನಲ್ಲೋ! ಯಪ್ಪಾ, ಯಪ್ಪಾ..." ಎಂಬತ್ತು ದಾಟಿದ ಬಾಯಲ್ಲಿ ಆ ಮಾತು ಮೊದಲ ಸಲ ಬಂದಿತ್ತು. ಅತ್ತು ಅತ್ತು ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮವ್ವಂಗೆ ಒಂದು ಮಾತು ತಿಳಿಸ್ಲಿಲ್ವಲ್ಲೋ ಸರಕಾರದೋರು. ಅವರ ಮನೆ ಹಾಳಾಗ" ಎಂದಳು.

ತಿಳಿಸಿದ್ದರೋ ಇಲ್ಲವೋ ನೋಡಲೆಂದು ಪಾಲಾಕ್ಷ ಎರಡನೇ ಹಾಳೆ ತಿರುವಿದ. ಸಂಭ್ರಮದಲ್ಲಿ ಅದನ್ನವನು ಬಸ್ಸಿನಲ್ಲಿ ನೋಡಿರಲೇ ಇಲ್ಲ. ಹಳೇ ಕಾಲದ ಕನ್ನಡ ಕೈಬರಹದ ನಕಲು, ಮೊಳಕಾಲ್ಮುರು ಕಚೇರಿಯದು. ಗಂಡ ಪೆದ್ದಣ್ಣ ಮೃತನಾದ ಸಂಗತಿಯನ್ನು ಓದಿ ಹೇಳಲಾಗಿ, ಕೇಳಿ ತಿಳಿದುಕೊಂಡು, ಅವನ ಕಂಬಳಿ ಹಾಗೂ ಬೆಳ್ಳಿ ಉಡಿದಾರವನ್ನು ತೆಗೆದುಕೊಂಡಿರುತ್ತಾಳೆ. ಕೆಳಗೆ ಒಂದು ಹೆಬ್ಬೆಟ್ಟು. ಪಕ್ಕದಲ್ಲಿ, ಬೋರಮ್ಮ.

ಓದುತ್ತ ಓದುತ್ತ ಪಾಲಾಕ್ಷನ ದನಿ ಇಳಿಯಿತು. ಆಮೇಲೆ ಸಿಟ್ಟು ನೆತ್ತಿಗೇರಿತು.

"ಗೊತ್ತಿತ್ತಾ ಅವಳಿಗೆ? ಗೊತ್ತಿದ್ದೂ, ಕಂಬಳಿ ಉಡಿದಾರ ಎಲ್ಲೋ ಬಚ್ಚಿಟ್ಟು, ಓಡಿಹೋದ ಅಂದ್ಳಾ? ಊರೆಲ್ಲ ನಮ್ಮ ಮುಖಕ್ಕೆ ಉಗಿದ್ರೂ ಸುಮ್ನಿದ್ಳಾ?"

ಮೊರದ ನವಣೆಯನ್ನು ಗುಬ್ಬಿಗಳು ಬಂದು ಹೆಕ್ಕಿದರೂ ದುರುಗಕ್ಕ ಓಡಿಸಲಿಲ್ಲ.

"ನಾನಾವಾಗ ಇನ್ನೂ ಮೊಲೆ ಕುಡಿಯೋ ಕೂಸು ಕಣೋ" ಎಂದಳು ಕೊನೆಗೆ. "ಗಂಡ ಸತ್ತ ಚಿಕ್ಕ ವಯಸ್ಸಿನೋಳನ್ನ ನಮ್ಮೋರು ಮನೇಲಿ ಇಟ್ಕೊಳ್ತಿರ್ಲಿಲ್ಲ. ಉಡಿಕೆ ಮಾಡೋರು. ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸಿಬಿಡೋರು. ಕೂಸು ಮಾತ್ರ ಇಲ್ಲೇ ಉಳೀಬೇಕು. ಅದು ಗಂಡನ ಮನೆ ಸೊತ್ತು. ಹಂಗೆ ಬಿಟ್ಟೋದ ಕೂಸುಗಳು ಏನಾದ್ವು ಅಂತ ನಾನು ಕಣ್ಣಾರೆ ಕಂಡೀನಿ. ಗಂಡ ಓಡಿಹೋದ ಅಂದ್ರೆ ಯಾರು ಉಡಿಕೆ ಮಾಡ್ತಾರೆ? ಅವನು ಬದುಕೈದಾನಲ್ಲ." ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ನನಗೋಸ್ಕರ ಕಣೋ. ನಾನು ಅವನನ್ನ ಬೈಯೋದನ್ನ ಕೇಳ್ಕೊಂಡು ಕೇಳ್ಕೊಂಡೇ ಸತ್ಳು."

ಪಾಲಾಕ್ಷ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಆಗಿದ್ದಾಯ್ತು. ನಾಳೆ ಎಲ್ಲರ ಮುಂದೆ ಓದ್ತೀನಿ. ಮುತ್ತಜ್ಜ ಏನು ತಪ್ಪು ಮಾಡಿದ್ದ ಅಜ್ಜಿ?"

"ಓದು. ನೀನು ತಲೆ ಎತ್ಕೊಂಡು ತಿರುಗು." ದುರುಗಕ್ಕ ಅವನ ಮುಖವನ್ನೇ ನೋಡಿದಳು. "ಆಮೇಲೆ ನಮ್ಮವ್ವ ಏನಾದ್ಳು ಹೇಳು. ರಂಡೆಮುಂಡೆ ಕುಂಕುಮ ಇಟ್ಕೊಂಡು ಮದುಮಕ್ಕಳಿಗೆ ಬಳೆ ತೊಡಿಸಿದ್ಳು ಅಂತಾರೆ. ಶಶಿರೇಖಾಗೆ ಮೊದಲ ಬಳೆ ತೊಡಿಸಿದ ಕೈ ಯಾರ್ದು?"

ಶಶಿರೇಖಾ ಕ್ಯಾತಣ್ಣನ ಮಗಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಲಾರಿಗೆ ಸಿಕ್ಕಿ ಸತ್ತ. ಉಡಿಕೆಯೆಲ್ಲ ಕೀಳು ಎಂದು ಅಷ್ಟು ಹೊತ್ತಿಗೆ ಕುಲದವರು ಬಿಟ್ಟುಬಿಟ್ಟಿದ್ದರು, ಅಂದಿನಿಂದ ಅಪ್ಪನ ಮನೆಯಲ್ಲೇ ಇದ್ದಾಳೆ. ಪಾಲಾಕ್ಷ ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕಿದ.

"ಅವಳೊಬ್ಬಳೇ ಅಲ್ಲ. ಯಾರ ಮನೇಲಿ ಏನು ಕೆಟ್ಟದ್ದಾಗಿದ್ರೂ ನಮ್ಮವ್ವನ ತಲೆಗೇ ಕಟ್ತಾರೆ" ಎಂದಳು ದುರುಗಕ್ಕ. "ಸಮಾಧಿ ಮೇಲೆ ಉಗೀತಾರೆ."

ಮರುದಿನ ಕ್ಯಾತಣ್ಣನ ಅಂಗಳ ತುಂಬಿತ್ತು. ಎಡೆಗಳ ಸಾಲು, ಸಾಂಬ್ರಾಣಿ ಹೊಗೆ, ಒಳಗಿನಿಂದ ಬಾಡಿನ ಸಾರಿನ ವಾಸನೆ. ಶಶಿರೇಖಾ ಎಡೆಗಳ ಹತ್ತಿರ ಬರುವಂತಿಲ್ಲವಾದ್ದರಿಂದ ಗೋಡೆಗೆ ಒರಗಿ ಈರುಳ್ಳಿ ಹೆಚ್ಚುತ್ತಿದ್ದಳು. ಪಾಲಾಕ್ಷ ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡೇ ಬಂದಿದ್ದ. ಓದಬೇಕೋ ಬೇಡವೋ ಎಂದು ಬೆಳಗಿನವರೆಗೂ ಅವನಿಗೆ ತೀರ್ಮಾನವಾಗಿರಲಿಲ್ಲ.

"ಏನಲೇ ಪಾಲಾಕ್ಷ" ಎಂದ ಕ್ಯಾತಣ್ಣ ಎಲ್ಲರಿಗೂ ಕೇಳುವಂತೆ. "ಮಿಲಿಟ್ರಿಗೆ ಕಾಗದ ಬರೆದಿದ್ಯಂತೆ. ನಿಮ್ಮೋನು ಸಿಕ್ಕಿದ್ನಾ?"

ಕಿಸಕ್ಕೆಂದು ನಾಲ್ಕಾರು ಜನ ನಕ್ಕರು. ಪಾಲಾಕ್ಷನ ಕೈ ಅಂಗಿಯೊಳಗೆ ಹೋಯಿತು. "ತಾತ, ಅದು..." ಎಂದ.

"ಸಿಕ್ಕಿದ ಕಣಲೇ ಕ್ಯಾತ" ಎಂದಳು ದುರುಗಕ್ಕ. "ಓಡಿಹೋದ ಅಂತಲೇ ಬರೆದೈತಂತೆ. ಅಲ್ಲೇ ಸಂಸಾರ ಮಾಡ್ಕೊಂಡು, ಮಕ್ಕಳು ಮರಿ ಕಂಡು, ಮುದುಕನಾಗಿ ಸತ್ನಂತೆ. ನಮ್ಮವ್ವ ಹೋದ ಮೇಲೆನೇ ಸತ್ನಂತೆ, ಹಾಳಾದೋನು. ಈ ಹುಡುಗನಿಗೆ ಹೇಳಾಕೆ ನಾಚಿಕೆ."

"ನಾನು ಹೇಳಿರ್ಲಿಲ್ವಾ!" ಕ್ಯಾತಣ್ಣ ತೊಡೆ ತಟ್ಟಿದ. "ಹೋಗ್ಲಿ, ನಮ್ಮ ದೊಡ್ಡವ್ವ ಮುತ್ತೈದೆಯಾಗಿ ಹೋದ್ಳಲ್ಲ, ಅಷ್ಟು ಸಾಕು." ಎಲ್ಲರೂ ಹೌದು ಹೌದೆಂದರು. ಪಾಲಾಕ್ಷ ಕೈ ಹೊರಗೆ ತೆಗೆದ. ಆ ವರ್ಷ ಬಂದ ಸೊಸೆ, ಇನ್ನೂ ಇಪ್ಪತ್ತು ತುಂಬದ ಹುಡುಗಿ, ಬೋರಮ್ಮನ ಎಡೆಗೆ ಅಡ್ಡಬಿದ್ದು ಎದ್ದಳು. ದುರುಗಕ್ಕ ತಾನೇ ಅವಳ ಕೈಗೆ ಬಳೆ ತೊಡಿಸಿದಳು. ಅಡುಗೆ ಬಡಿಸಿದರು, ಎಲ್ಲರೂ ಚೆನ್ನಾಗಿ ಉಂಡರು.

ಮನೆಗೆ ಹೋಗುವಾಗ ದುರುಗಕ್ಕ ಅವನ ಹೆಗಲು ಹಿಡಿದು ನಡೆದಳು. ಬಂಡೆಗಳ ಪಕ್ಕದ ದಾರಿ, ಬಿಸಿಲು ಚುರುಚುರು ಸುಡುತ್ತಿತ್ತು. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು.

"ಪಾಲಾಕ್ಷ, ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಸಾಯೋವಾಗ ನಮ್ಮಪ್ಪನ ಬಾಯಿಗೆ ಯಾರಾದ್ರೂ ನೀರು ಬಿಟ್ರಂತಾ? ಆ ಕಾಗದದಾಗೆ ಬರೆದೈತಾ?"

ಪಾಲಾಕ್ಷ ಆ ಹಾಳೆಗಳನ್ನು ಎಷ್ಟು ಸಲ ಓದಿದ್ದನೋ, ಅವನಿಗೆ ಪೂರ್ತಿ ಬಾಯಿಪಾಠವಾಗಿತ್ತು. ಅಂಥದ್ದೇನೂ ಅದರಲ್ಲಿ ಇರಲಿಲ್ಲ.

"ಬಿಟ್ರಂತೆ ಅಜ್ಜಿ" ಎಂದ. "ಬರೆದೈತೆ."

ದುರುಗಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಮತ್ತೇನೂ ಕೇಳದೆ ಅವನ ಹೆಗಲು ಹಿಡಿದುಕೊಂಡು ನಡೆದಳು.