ಅಂಗಿಯ ನಾಲ್ಕನೆಯ ಗುಂಡಿ

ಸೂಜಿ ಮೂರನೆಯ ಸಲ ಚುಚ್ಚಿತು. ರಕ್ತ ಬಟ್ಟೆಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡ ಅವಳು, ಮತ್ತೆ ಅಪ್ಪನ ಬಿಳಿ ಅಂಗಿಗೆ ನಾಲ್ಕನೆಯ ಗುಂಡಿ ಹೊಲಿಯತೊಡಗಿದಳು. ನಡುಕೋಣೆಯಲ್ಲಿ ಅಪ್ಪನಿಗೆ ಕತ್ತಿನತನಕ ಚಾದರ ಹೊದಿಸಿದ್ದರು. ಶವದ ಗಾಡಿ ಬರಲು ಅರ್ಧ ಗಂಟೆಯಿತ್ತು.

"ಊರೋರಿಗೆಲ್ಲ ಹೊಲಿದು ಕೊಟ್ಟ. ತನ್ನ ಅಂಗೀಲಿ ಒಂದು ಗುಂಡಿ ಇಲ್ಲ ನೋಡು," ಅಪ್ಪನ ಅಕ್ಕ ಮೂಗೊರೆಸಿಕೊಂಡಳು. "ಕೇಳಿದ್ರೆ, ದರ್ಜಿ ಅಂಗಿ ಸರದೀಲಿ ಕೊನೇದು ಕಣಕ್ಕ ಅಂತಿದ್ದ."

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಬ್ಬ ಒಳಬಂದ. ಅವಳ ಕೈ ನಿಂತಿತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಟೆಕ್ನೀಷಿಯನ್. ಅಪ್ಪ ಹೊಲಿದ ಪ್ಯಾಂಟನ್ನೇ ಹಾಕಿಕೊಂಡು ಬಂದಿದ್ದ.

ಅಣ್ಣ ಎದ್ದು ಅಡ್ಡ ನಿಂತ. "ಸ್ಕ್ಯಾನ್ ಹನ್ನೆರಡು ದಿನ ಮುಂದಕ್ಕೆ ಹಾಕಿದ್ರಲ್ಲ ಸಾರ್. ಅವತ್ತೇ ಮಾಡಿದ್ದಿದ್ರೆ?"

"ಅವತ್ತು ರಕ್ತದಲ್ಲಿ ಸಕ್ಕರೆ ಜಾಸ್ತಿ ಇತ್ತು."

"ಅಪ್ಪಂಗೆ ಸಕ್ಕರೆ ಕಾಯಿಲೆನೇ ಇರ್ಲಿಲ್ಲ. ನಿಮ್ಮ ಮಿಷಿನ್ ಕೆಟ್ಟಿತ್ತು ಅನ್ನಿ."

ಟೆಕ್ನೀಷಿಯನ್ ಅವಳತ್ತ ಒಮ್ಮೆ ನೋಡಿ, ತಲೆ ತಗ್ಗಿಸಿದ.

*

ಎರಡು ವರ್ಷದ ಹಿಂದೆ ಅಪ್ಪನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿದಾಗ ಅಲ್ಲಿಗೆ ಬಟ್ಟೆಯ ಕೊಳವೆ ಜೋಡಿಸಿದ್ದರು. "ನನಗೂ ಒಳಗಿಂದ ಟೆರಿಲಿನ್ ಹೊಲಿದವ್ರೆ," ಎಂದು ಅಪ್ಪ ಗಿರಾಕಿಗಳನ್ನು ನಗಿಸುತ್ತಿದ್ದ. ಈಚೆಗೆ ಬಂದ ಜ್ವರ ಮೂರು ತಿಂಗಳಾದರೂ ಬಿಡಲಿಲ್ಲ. ಯಾವ ಪರೀಕ್ಷೆಯಲ್ಲೂ ಸೋಂಕಿನ ಜಾಗ ಸಿಗಲಿಲ್ಲ. ಉಳಿದದ್ದು ಪೆಟ್ ಸ್ಕ್ಯಾನ್. ವಿಕಿರಣ ಬೆರೆಸಿದ ಒಂದು ಬಗೆಯ ಸಕ್ಕರೆಯನ್ನು ಚುಚ್ಚುತ್ತಾರೆ. ಸೋಂಕು ಅಡಗಿದ ಕಡೆ ಅದು ಸೇರಿ ಚಿತ್ರದಲ್ಲಿ ಹೊಳೆಯುತ್ತದೆ. ಮೊದಲೇ ಬೇರೆ ಸಕ್ಕರೆ ಹೊಟ್ಟೆಗೆ ಬಿದ್ದಿದ್ದರೆ ಚಿತ್ರ ಮಸುಕು. ನೀರು ಬಿಟ್ಟು ಏನೂ ಕೂಡದು ಎಂದಿದ್ದರು.

ಸ್ಕ್ಯಾನಿನ ದಿನ ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಚಳಿಜ್ವರಕ್ಕೆ ಗಡಗಡ ನಡುಗುತ್ತಿದ್ದ. "ಒಂದೇ ಗುಟುಕು ಕಣೆ."

ತನಗೆಂದು ತಂದಿದ್ದ ಸಿಹಿ ಟೀಯನ್ನು ಅವಳು ಫ್ಲಾಸ್ಕಿನಿಂದ ಬಗ್ಗಿಸಿದಳು. ಗುಟುಕು ಹೋಗಿ ಎರಡು ಲೋಟವಾಯಿತು. ನಡುಕ ನಿಂತಿತು. ಅವಳಿಗೆ ಅಷ್ಟೇ ಬೇಕಿತ್ತು.

ಬೆರಳು ಚುಚ್ಚಿ ನೋಡಿದ ಟೆಕ್ನೀಷಿಯನ್ ಏನು ಕುಡಿದಿರಿ ಎಂದು ಕೇಳಿದ.

"ಗೇಟಿನ ಹತ್ರ ನಾನೇ ಕದ್ದು ಟೀ ಕುಡಿದೆ ಸಾರ್. ಮನೇಲಿ ಹೇಳ್ಬೇಡಿ, ಮಗ ಬೈತಾನೆ," ಅಂದ ಅಪ್ಪ.

ಟೆಕ್ನೀಷಿಯನ್ ಅವಳ ಮಡಿಲಿನ ಫ್ಲಾಸ್ಕ್ ನೋಡಿದ. ಹನ್ನೆರಡು ದಿನ ಬಿಟ್ಟು ಬೇರೆ ತಾರೀಕು ಬರೆದುಕೊಟ್ಟ. ಆ ತಾರೀಕಿನಂದು ಕೊಳವೆಯ ಸುತ್ತ ಬೆಂಕಿಯ ಬಳೆಯಂತೆ ಸೋಂಕು ಕಂಡಿತು. ಆಪರೇಷನ್ ಸೋಮವಾರಕ್ಕೆ ಗೊತ್ತಾಯಿತು. ಶನಿವಾರವೇ ನಾಳ ಒಡೆಯಿತು.

*

"ಯಾರ ತಪ್ಪು ಹೇಳಿ ಸಾರ್." ಅಣ್ಣ ಟೆಕ್ನೀಷಿಯನ್ ತೋಳು ಹಿಡಿದಿದ್ದ.

"ನಂದೇ ಅಂತ ಇಟ್ಕೊಳಿ."

"ಅಲ್ಲ." ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. "ಟೀ ನಾನು ಕೊಟ್ಟೆ ಅಣ್ಣ. ಅಪ್ಪ ನನ್ನ ಹೆಸರು ಹೇಳ್ಲಿಲ್ಲ."

ಅತ್ತೆಯ ಬಿಕ್ಕು ಅರ್ಧಕ್ಕೆ ನಿಂತಿತು. ಹೊರಗೆ ಗಾಡಿ ಹಿಮ್ಮುಖವಾಗಿ ಬರುವ ಸದ್ದು.

ಅಣ್ಣ ತೋಳು ಬಿಟ್ಟ. ನೇರ ಬಂದು ಅವಳ ಮಡಿಲಿನಿಂದ ಅಂಗಿ ಎಳೆದುಕೊಂಡ. ಗುಂಡಿ ಕಾಜಕ್ಕಿಂತ ಅರ್ಧ ಬೆರಳು ಕೆಳಗಿತ್ತು. ಹೊಲಿಗೆ ಮಿಷಿನಿನ ಡ್ರಾಯರಿನಿಂದ ಅಪ್ಪನ ಪುಟ್ಟ ಕತ್ತರಿ ತೆಗೆದು, ಅವಳು ಹಾಕಿದ ದಾರವನ್ನು ಒಂದೊಂದೇ ಎಳೆ ಕತ್ತರಿಸಿದ. ಗುಂಡಿ ನೆಲಕ್ಕೆ ಬಿದ್ದು ಉರುಳಿತು.

"ಹೊರಡೋಣ್ವಾ?" ಡ್ರೈವರ್ ಬಾಗಿಲಿಗೆ ಬಂದ.

"ಎರಡು ನಿಮಿಷ," ಅಂದ ಅಣ್ಣ, ಸೂಜಿಗೆ ಹೊಸ ದಾರ ಪೋಣಿಸಿ, ಅವಳ ಮುಖ ನೋಡದೆ ಅಂಗೈ ಚಾಚಿದ.

ಅವಳು ಮಂಚದ ಕೆಳಗೆ ಬಗ್ಗಿ ಗುಂಡಿಗಾಗಿ ತಡಕಾಡಿದಳು.