ಎರಡು ಸಲ ಸೋರಿದ ಅಡಾಪ್ಟರ್

ಗಾನವಿ ಸ್ಟೀಲಿನ ಬಟ್ಟಲಲ್ಲಿ ಸೋಪಿನ ನೀರು ಕಲಸಿ, ಹಳೆಯ ಬ್ರಶ್ಶನ್ನು ಅದ್ದಿ, ಅಡಾಪ್ಟರಿನ ಸುತ್ತ ಸವರಿದಳು. ಉಸಿರನ್ನೂ ಮೆಲ್ಲಗೆ ಬಿಡುತ್ತ ಮನಸ್ಸಿನಲ್ಲೇ ನೂರರವರೆಗೆ ಎಣಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಕೈಪಂಪಿನ ಮೀಟರಿನ ಮುಳ್ಳು ಇನ್ನೂರರ ಮೇಲೆ ಕೂತದ್ದು ಅಲ್ಲೇ ಇತ್ತು.

ಹೆಬ್ಬೆರಳಿನ ಗಾತ್ರದ ಹಿತ್ತಾಳೆ ತುಂಡು ಅದು. ದೆಹಲಿಯ ರೋಹಿಣಿ ಬಡಾವಣೆಯ ಶೂಟಿಂಗ್ ರೇಂಜಿನಲ್ಲಿ ದೊಡ್ಡ ಸಿಲಿಂಡರಿನಿಂದ ಏರ್‌ಗನ್ನಿನ ಪುಟ್ಟ ಟ್ಯಾಂಕಿಗೆ ಗಾಳಿ ತುಂಬುವಾಗ ಎರಡರ ನಡುವೆ ಕೂರುತ್ತದೆ. ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಒತ್ತಡ. ಒಳಗಿನ ರಬ್ಬರ್ ರಿಂಗಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಸಾಕು, ಬುಸುಗುಡಲು ಶುರು.

ಎರಡು ಸಲ ಅವಳು ಸರಿಮಾಡಿ ಕಳಿಸಿದ್ದಳು. ಎರಡು ಸಲವೂ ಸೋರುತ್ತ ವಾಪಸ್ಸು ಬಂದಿತ್ತು.

"ಇನ್ನೊಂದ್ಸಲ ಬಂದ್ರೆ ಮೇಜು ಬಿಟ್ಟು ಏಳಮ್ಮ," ಎಂದಿದ್ದರು ದೊಡ್ಡಪ್ಪ ಗೋಪಿನಾಥ. "ದೊಡ್ಡಮ್ಮನ ಜತೆ ಅಡುಗೆಮನೆ ನೋಡ್ಕೋ. ತಪ್ಪೇನಿಲ್ಲ."

ದೊಡ್ಡಪ್ಪ ಮೂವತ್ತು ವರ್ಷ ಕೇಂದ್ರ ಸರ್ಕಾರದ ಉಗ್ರಾಣದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮುನಿರ್ಕಾದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿಗೆ ಕೂತರು. ಕಣ್ಣು ಮಂಜಾದಾಗ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ತಮ್ಮನ ಮಗಳನ್ನು ಊರಿಂದ ಕರೆಸಿಕೊಂಡರು. ನಾಲ್ಕು ಜನರೆದುರು ಬಾಯಿ ಬಿಡದ ಗಾನವಿಗೆ ಇಡೀ ದೆಹಲಿಯಲ್ಲಿ ತನ್ನದು ಅನ್ನಿಸುವ ಜಾಗ ಆ ಮೇಜೊಂದೇ.

ಅವಳ ಅನುಮಾನವೆಲ್ಲ ಅನೂಪನ ಮೇಲಿತ್ತು. ರೇಂಜಿನಿಂದ ಸಾಮಾನು ತಂದು ಒಯ್ಯುವವನು ಅವನೇ. ಬಂದಾಗಲೆಲ್ಲ, ರೇಂಜಿನ ಪಕ್ಕದ ಸೆಕ್ಟರಿನಲ್ಲೇ ತನ್ನ ಗೆಳೆಯ ರಿಪೇರಿ ಅಂಗಡಿ ತೆರೆದಿದ್ದಾನೆಂದು ಹೇಳದೆ ಹೋಗುತ್ತಿರಲಿಲ್ಲ. ದಾರಿಯಲ್ಲಿ ಬೈಕ್ ನಿಲ್ಲಿಸಿ ಬಿಚ್ಚಿದರೆ ಯಾರು ಕೇಳುತ್ತಾರೆ?

ಹಾಗಾಗಿ ಈ ಸಲ ಅವಳು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ನಟ್ಟಿನಿಂದ ಒಡಲಿನ ಮೇಲೆ ಹಾಯುವಂತೆ ಕೆಂಪು ನೇಲ್ ಪಾಲಿಶ್‌ನಲ್ಲಿ ತೆಳ್ಳಗೆ ಒಂದು ಗೆರೆ ಎಳೆದಳು. ಯಾರು ತಿರುಗಿಸಿದರೂ ಗೆರೆ ಮುರಿಯಬೇಕು. ಆರಿದ ಮೇಲೆ ಡ್ರಾಯರಿನಲ್ಲಿಟ್ಟಳು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಅನೂಪ್ ಬಂದ. ತೋಳಲ್ಲಿ ಹೆಲ್ಮೆಟ್ಟು.

"ನಮಸ್ತೆ ಅಂಕಲ್. ಕೋಚ್ ಸಾಬ್ ಬಹಳ ಗರಂ ಆಗಿದ್ದಾರೆ. ಈ ಸಲ ಪಕ್ಕಾ ತಾನೆ? ಇಲ್ಲಾಂದ್ರೆ ಅದಕ್ಕೊಂದು ಹಾರ ಹಾಕಿ ಗೋಡೆಗೆ ನೇತುಹಾಕ್ಬಿಡೋಣ."

"ಪಕ್ಕಾ ಕಣಯ್ಯ. ಕೊಡಮ್ಮ," ಎಂದರು ದೊಡ್ಡಪ್ಪ.

ಗಾನವಿ ಡ್ರಾಯರ್ ಎಳೆದಳು. ಕೆಂಪು ಗೆರೆ ನಡುವೆ ಮುರಿದು, ಎರಡು ತುಂಡೂ ಒಂದಕ್ಕೊಂದು ಸೇರದೆ ಆಚೀಚೆ ನಿಂತಿದ್ದವು. ಅವಳು ಅನೂಪನನ್ನು ನೋಡಿದಳು. ಅವನಿನ್ನೂ ಹೊಸಿಲು ದಾಟಿರಲಿಲ್ಲ. ಅಡಾಪ್ಟರ್ ಮನೆ ಬಿಟ್ಟು ಹೋಗಿರಲಿಲ್ಲ. ಮನೆಯಲ್ಲಿದ್ದವರು ಅವಳಲ್ಲದೆ ಇನ್ನಿಬ್ಬರೇ.

ಅದನ್ನು ಪಂಪಿಗೆ ಸಿಕ್ಕಿಸಿ ಒತ್ತಿದಳು. ಸೋಪಿನ ನೀರು ಮುಟ್ಟಿಸಿದ್ದೇ ತಡ, ಗುಳ್ಳೆಗಳು ಸಾಲಾಗಿ ಎದ್ದವು.

"ತಗೊಳ್ಳಿ, ಶುರುವಾಯ್ತು," ಅನೂಪ್ ನಕ್ಕ. "ಅಂಕಲ್, ನಮ್ಮ ದೋಸ್ತ್‌ಗೆ ಫೋನ್ ಮಾಡ್ಲಾ?"

ಗೋಪಿನಾಥರು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. ಗಾನವಿ ಗಾಳಿ ಬಿಟ್ಟು ಬಿಚ್ಚಿ ನೋಡಿದರೆ ರಿಂಗಿನ ಅಂಚಿನಲ್ಲಿ ಸಣ್ಣ ಕಚ್ಚು. ಚೂಪಾದದ್ದೇನೋ ಚುಚ್ಚಿ ಎಬ್ಬಿಸಿದ ಗುರುತು. ಅವಳು ರಿಂಗ್ ತೆಗೆಯುತ್ತಿದ್ದುದು ಬಿದಿರು ಕಡ್ಡಿಯಲ್ಲಿ ಮಾತ್ರ.

ಅಷ್ಟರಲ್ಲಿ ದೊಡ್ಡಮ್ಮ ಶಾಂತಮ್ಮ ಅನೂಪನಿಗೆ ಚಹಾ ತಂದರು. ಲೋಟ ಚಾಚಿದ ಕೈಯ ಬಳೆಯಲ್ಲಿ ಎಂದಿನಂತೆ ಸೇಫ್ಟಿ ಪಿನ್ನುಗಳು ತೂಗುತ್ತಿದ್ದವು. ಒಂದರ ಮೇಲೆ ಬೆಳ್ಳಗೆ ಗ್ರೀಸು, ಗಾನವಿ ರಿಂಗಿಗೆ ಸವರುವಂಥದ್ದೇ.

"ದೊಡ್ಡಮ್ಮ, ಆ ಪಿನ್ನಿಗೇನು ಮೆತ್ತಿದೆ?"

"ಅಯ್ಯೋ, ನಿಮ್ಮ ದೊಡ್ಡಪ್ಪಂದು. ಬೆಳಿಗ್ಗೆ ಇಸ್ಕೊಂಡ್ರು. ಇವನು ಬರ್ತಾನೆ ಅಂದ ದಿನವೆಲ್ಲ ಇಸ್ಕೋತಾರೆ, ಒರೆಸದೇನೇ ವಾಪಸ್ ಕೊಡ್ತಾರೆ."

ಅನೂಪ್ ಚಹಾವನ್ನು ತುಟಿಯ ಬಳಿಯೇ ಹಿಡಿದು ನಿಂತ.

"ಬಿಚ್ಚಿ ನೋಡ್ದೆ ಸರ್ವಿಸಿನಲ್ಲಿ ನಾನು ಒಂದು ಐಟಂನೂ ಪಾಸ್ ಮಾಡಿದವನಲ್ಲ," ಎಂದರು ಗೋಪಿನಾಥ, ಗೋಡೆಗೆ ಹೇಳುವವರಂತೆ. "ಹುಡುಗಿ ಕೈಕೆಲಸ. ರಿಂಗ್ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೋಡ್ಬೇಡವಾ?"

ಗಾನವಿ ಹೊಸ ರಿಂಗಿಗೆ ಗ್ರೀಸ್ ಸವರಿ, ಬಿದಿರು ಕಡ್ಡಿಯಲ್ಲಿ ಒತ್ತಿ ಕೂರಿಸಿ, ನಟ್ಟು ಬಿಗಿದಳು. ಪಂಪು ಒತ್ತಿ, ಸೋಪಿನ ನೀರು ಸವರಿ, ಎಲ್ಲರೂ ನೋಡುತ್ತಿದ್ದಂತೆ ನೂರು ಎಣಿಸಿದಳು. ಗುಳ್ಳೆ ಏಳಲಿಲ್ಲ. ಪಂಪಿನಿಂದ ಬಿಡಿಸಿ ಒರೆಸಿ ಅನೂಪನ ಅಂಗೈಯಲ್ಲಿಟ್ಟಳು. ಕುತ್ತಿಗೆಯವರೆಗೂ ಬಿಸಿಯೇರಿತ್ತು. ಆದರೂ ದೊಡ್ಡಪ್ಪನ ಕಡೆ ತಿರುಗಿದಳು.

"ನಾನು ಬಿಗಿದಿಟ್ಟಿದ್ದನ್ನ ಇನ್ನು ಮೇಲೆ ಬಿಚ್ಚಬೇಡಿ ದೊಡ್ಡಪ್ಪ."

ಗೋಪಿನಾಥರು ಶಾಂತಮ್ಮನಿಂದ ಆ ಪಿನ್ನು ಇಸಿದುಕೊಂಡು, ಗ್ರೀಸು ಒರೆಸಿ ವಾಪಸ್ ಕೊಟ್ಟರು.